ಮಿನಿ ಪ್ರಾಜೆಕ್ಟ್‌ಗೆ ಮೊದಲು ಒಂದು ಉದ್ರಿ ಪುಸ್ತಕ ಹುಡುಕಿ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಐದನೇ ಸೆಮಿಸ್ಟರ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ವಿಷಯವೂ ಮಿನಿ ಪ್ರಾಜೆಕ್ಟೂ ಒಟ್ಟಿಗೇ ಬರುತ್ತವೆ. ಬೆಳಿಗ್ಗೆ ಕ್ಲಾಸ್‌ನಲ್ಲಿ ಓದಿದ್ದನ್ನು ಮಧ್ಯಾಹ್ನ ಮಾಡಿ ನೋಡಬಹುದು. ಆದರೆ ಎಷ್ಟೋ ಟೀಮ್‌ಗಳು ವಿಷಯವನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ, ಪ್ರಾಜೆಕ್ಟನ್ನು ಎಲ್ಲಿಂದಲೋ ತಂದು ಒಪ್ಪಿಸಿ ಮುಗಿಸುತ್ತವೆ. ಅದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ನಾಲ್ಕು ವರ್ಷದ ಓದಿನಲ್ಲಿ ಒಬ್ಬ ಮನುಷ್ಯನಿಗೆ ಉಪಯೋಗಕ್ಕೆ ಬರುವಂಥದ್ದನ್ನು ಮಾಡೋಕೆ ಸಿಗುವ ಮೊದಲ ಅವಕಾಶ ಅದು.

ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಊರು ಮಾಯಕೊಂಡದ ಕಡೆ. ನಮ್ಮ ನಾಲ್ಕು ಜನರ ಟೀಮ್ ಮಾಡಿದ್ದು ನಮ್ಮ ದೊಡ್ಡಪ್ಪನ ಮೆಕ್ಕೆಜೋಳ ಒಕ್ಕುವ ಮಷಿನ್ ಬಾಡಿಗೆಯ ಲೆಕ್ಕ ಇಡುವ ಆ್ಯಪ್. ಈ ವರ್ಷ ಪ್ರಾಜೆಕ್ಟ್ ಶುರು ಮಾಡುವ ತಮ್ಮ ತಂಗಿಯರಿಗೆ ಉಪಯೋಗ ಆಗಲಿ ಅಂತ ನಾವು ಮಾಡಿದ ರೀತಿಯನ್ನು ಬರೆಯುತ್ತಿದ್ದೇನೆ.

ವಿಷಯ ಆರಿಸುವಾಗ

ಲೈಬ್ರರಿ ಮ್ಯಾನೇಜ್‌ಮೆಂಟ್, ಆನ್‌ಲೈನ್ ಶಾಪಿಂಗ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಬೇಡ. ಅವು ಕೆಟ್ಟ ವಿಷಯಗಳು ಅಂತಲ್ಲ. ಅನುಮಾನ ಬಂದಾಗ ಕೇಳೋಕೆ ನಿಮಗೆ ಯಾರೂ ಇರೋದಿಲ್ಲ. ಯಾರೂ ಇಲ್ಲದಿದ್ದಾಗ ನೀವೇ ಊಹೆ ಮಾಡಿಕೊಳ್ಳುತ್ತೀರಿ. ಊಹೆ ಯಾವಾಗಲೂ ಸುಲಭದ ಕಡೆಗೇ ಹೋಗುತ್ತದೆ.

ಅದರ ಬದಲು ನೋಟ್‌ಬುಕ್‌ನಲ್ಲಿ ಲೆಕ್ಕ ಬರೆಯುವ ಒಬ್ಬರನ್ನು ಹುಡುಕಿ. ದಾವಣಗೆರೆಯಲ್ಲಿ ಅಂಥವರಿಗೆ ಬರ ಇಲ್ಲ. ಎಪಿಎಂಸಿಯ ದಲಾಲಿ ಅಂಗಡಿ ಇದೆ, ಮಂಡಕ್ಕಿ ಭಟ್ಟಿ ಇದೆ, ಹಳೇಪೇಟೆಯ ಬಟ್ಟೆ ಅಂಗಡಿಗಳಿವೆ. ಪಿಜಿಗಳಿಗೆ ಊಟ ಕಳಿಸುವ ಮನೆಗಳಿವೆ. ಚನ್ನಗಿರಿ ಕಡೆಯವರಾದರೆ ಅಡಿಕೆ ಕೇಣಿ ಹಿಡಿಯುವವರು ಗೊತ್ತಿರುತ್ತಾರೆ. ನಿಮ್ಮ ಮನೆಯವರೋ, ಪಕ್ಕದ ಮನೆಯವರೋ ಆದರೆ ಇನ್ನೂ ಒಳ್ಳೆಯದು. ಯಾಕೆಂದರೆ ಮತ್ತೆ ಮತ್ತೆ ಹೋಗಿ ಕೇಳಬೇಕಾಗುತ್ತದೆ. ಪರಿಚಯ ಇಲ್ಲದವರು ಎರಡನೇ ಸಲ ತಾಳ್ಮೆಯಿಂದ ಮಾತಾಡೋದು ಕಷ್ಟ.

ಇನ್ನೊಂದು ವಿಷಯ: ಆ ಕೆಲಸ ನಿಮ್ಮ ಸೆಮಿಸ್ಟರ್ ಹೊತ್ತಿಗೆ ನಡೆಯುತ್ತಿರಬೇಕು. ಮುಂಗಾರಿಗೆ ಬಿತ್ತಿದ ಮೆಕ್ಕೆಜೋಳ ನಮ್ಮ ಕಡೆ ದಸರಾ ದೀಪಾವಳಿ ಹೊತ್ತಿಗೆ ಒಕ್ಕಣೆಗೆ ಬರುತ್ತದೆ. ಐದನೇ ಸೆಮಿಸ್ಟರ್ ಕೂಡ ಅದೇ ಸಮಯ. ಹಾಗಾಗಿ ಮಷಿನ್ ಓಡುವಾಗಲೇ ಕಣದಲ್ಲಿ ನಿಂತು ನೋಡೋಕೆ ಆಯಿತು.

ನೋಟ್‌ಬುಕ್ ಓದೋದು

ಈ ಹಂತಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಕೋಡ್ ಬರೆಯೋಕೆ ಕೈ ತುರಿಸುತ್ತಿರುತ್ತದೆ, ಗೊತ್ತು. ತಡೆದುಕೊಳ್ಳಿ.

ಹೋದ ತಕ್ಷಣ "ನಿಮಗೆ ಆ್ಯಪ್‌ನಲ್ಲಿ ಏನೇನು ಬೇಕು?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರೋದಿಲ್ಲ. ದೊಡ್ಡಪ್ಪ "ಲೆಕ್ಕ ಸರಿಯಾಗಿ ಬಂದ್ರೆ ಸಾಕು ಕಣಮ್ಮ" ಅಂದರು, ಅಷ್ಟೇ. ನೋಟ್‌ಬುಕ್ ಬಿಚ್ಚಿಟ್ಟು ಪಕ್ಕದಲ್ಲಿ ಕೂತು, ಬೆರಳಿಟ್ಟು, "ಇದು ಯಾಕೆ ಹೀಗೆ ಬರೆದಿದ್ದೀರಿ?" ಅಂತ ಒಂದೊಂದೇ ಸಾಲು ಕೇಳಿ. ಆಗ ಮಾತು ತಾನಾಗಿ ಬರುತ್ತದೆ.

ದೊಡ್ಡಪ್ಪನ ಪುಸ್ತಕದಲ್ಲಿ ಒಂದು ಸಾಲಿಗೆ ಒಬ್ಬ ರೈತ. ಹೆಸರು, ಎಷ್ಟು ಚೀಲ, ಚೀಲಕ್ಕೆ ಎಷ್ಟು ಬಾಡಿಗೆ, ಒಟ್ಟು. ದುಡ್ಡು ಬಂದ ಮೇಲೆ ಆ ಸಾಲಿನ ಮೇಲೆ ಗೆರೆ. ನೋಡಿದ ತಕ್ಷಣ ಒಂದು ಟೇಬಲ್, ಕೊನೆಯಲ್ಲಿ "ಕೊಟ್ಟಿದ್ದಾರೆ" ಅಥವಾ "ಇಲ್ಲ" ಅನ್ನುವ ಒಂದು ಕಾಲಂ ಅಂತ ಕಾಣುತ್ತದೆ. ಆದರೆ ಕೆಲವು ಸಾಲುಗಳ ಮೇಲೆ ಗೆರೆ ನಡುವಿಗೇ ನಿಂತಿತ್ತು.

"ದೊಡ್ಡಪ್ಪ, ಈ ಗೆರೆ ಯಾಕೆ ಅರ್ಧಕ್ಕೇ ನಿಂತಿದೆ?"

"ಅರ್ಧ ರೊಕ್ಕ ಕೊಟ್ಟಾರೆ. ಉಳಿದಿದ್ದು ಜೋಳ ಮಾರಿದ ಮೇಲೆ."

"ಇಲ್ಲಿ ಅಂಚಲ್ಲಿ ಸಣ್ಣದಾಗಿ ಬರೆದಿರೋದು?"

"ಅದು ಅವರ ಮಗ ಸಂತೆ ದಿನ ಕೊಟ್ಟಿದ್ದು."

ಈ ಎರಡು ಉತ್ತರದಲ್ಲಿ ನಮ್ಮ ಡೇಟಾಬೇಸ್ ಪೂರ್ತಿ ಬದಲಾಯಿತು. ದುಡ್ಡು ಕೊಡೋದು ಹೌದು-ಇಲ್ಲ ಅನ್ನುವ ಕಾಲಂ ಅಲ್ಲ, ಅದಕ್ಕೆ ಬೇರೆಯದೇ ಟೇಬಲ್ ಬೇಕು. ರೈತರದ್ದು ಒಂದು ಟೇಬಲ್, ಒಕ್ಕಣೆ ಕೆಲಸದ್ದು ಒಂದು, ದುಡ್ಡು ಬಂದದ್ದರದ್ದು ಒಂದು. ಒಬ್ಬ ರೈತನಿಗೆ ಹಲವು ಕೆಲಸ, ಹಲವು ಕಂತು. ಬಾಕಿ ಎಷ್ಟು ಅನ್ನೋದನ್ನು ಎಲ್ಲೂ ಬರೆದಿಡಬೇಡಿ, ಬೇಕಾದಾಗ ಕೂಡಿ ಕಳೆದು ತೋರಿಸಿ. ಬರೆದಿಟ್ಟರೆ ಯಾವತ್ತೋ ಒಂದು ದಿನ ಕಂತಿನ ಲೆಕ್ಕಕ್ಕೂ ಬಾಕಿಗೂ ತಾಳೆ ಆಗೋದಿಲ್ಲ. ಕ್ಲಾಸ್‌ನಲ್ಲಿ ನಾರ್ಮಲೈಸೇಷನ್ ಅಂತ ಬೋರ್ಡ್ ಮೇಲೆ ಬರೆದದ್ದು ಇದೇ. ಅಲ್ಲಿ ಅರ್ಥ ಆಗದವರಿಗೆ ಇಲ್ಲಿ ಆಗುತ್ತದೆ.

ಬಾಡಿಗೆ ದರದ್ದೂ ಹೀಗೇ. ಸೀಸನ್ ನಡುವೆ ದರ ಬದಲಾಗುತ್ತದೆ. ದೂರದ ಹೊಲಕ್ಕೆ ಬೇರೆ, ಮನೆ ಮಂದಿಗೆ ಬೇರೆ. ದರವನ್ನು ಸೆಟ್ಟಿಂಗ್ಸ್‌ನಲ್ಲಿ ಒಂದು ಕಡೆ ಇಟ್ಟರೆ, ಅದನ್ನು ಬದಲಿಸಿದ ದಿನ ಹಳೇ ಲೆಕ್ಕವೆಲ್ಲ ಏರುಪೇರಾಗುತ್ತದೆ. ಪ್ರತಿ ಕೆಲಸದ ಜೊತೆಗೇ ಆವತ್ತಿನ ದರವನ್ನು ಉಳಿಸಿ.

ಹೆಸರು ಇನ್ನೊಂದು ದೊಡ್ಡ ವಿಷಯ. ನಮ್ಮ ಹಳ್ಳಿಗಳಲ್ಲಿ ಒಂದೇ ಹೆಸರಿನವರು ಕೇರಿಗಿಬ್ಬರು ಇರುತ್ತಾರೆ. ದೊಡ್ಡಪ್ಪ ಒಬ್ಬರನ್ನು "ಕೆರೆ ಹಿಂದಿನ" ಅಂತ, ಇನ್ನೊಬ್ಬರನ್ನು "ಹೊಸಮನೆ" ಅಂತ ಬರೆದಿದ್ದರು. ಮೊಬೈಲ್ ನಂಬರ್‌ನಿಂದ ಗುರುತು ಹಿಡಿಯೋಣ ಅಂದರೆ ಅಪ್ಪ ಮಗ ಇಬ್ಬರಿಗೂ ಒಂದೇ ನಂಬರ್. ಹಾಗಾಗಿ ಒಳಗೆ ಪ್ರತಿಯೊಬ್ಬರಿಗೂ ಆ್ಯಪ್ ತಾನೇ ಕೊಡುವ ಒಂದು ಸಂಖ್ಯೆ, ಹೊರಗೆ ಕಾಣೋಕೆ ಹೆಸರಿನ ಜೊತೆ ಗುರುತಿಗೆ ಅಂತ ಒಂದು ಖಾಲಿ ಜಾಗ. ಆ ಜಾಗದಲ್ಲಿ ಕೆರೆ ಹಿಂದಿನವರೂ ಹೊಸಮನೆಯವರೂ ಆರಾಮಾಗಿ ಕೂತರು.

ಯಾರ ಕೈಯಲ್ಲಿ ಇರುತ್ತದೆ?

ಇದನ್ನು ಕೇಳದೇ ಸ್ಕ್ರೀನ್ ಡಿಸೈನ್‌ಗೆ ಹೋಗಬೇಡಿ. ಕಣದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಮಷಿನ್ ಸದ್ದು, ಧೂಳು, ತೆನೆ ಹಾಕುವವರ ಅವಸರ. ಚೀಲ ಎಣಿಸುತ್ತಾ ನಿಂತವರು ಮೊಬೈಲ್ ತೆಗೆದು ಟೈಪ್ ಮಾಡೋದಿಲ್ಲ. ಹೊಲದಲ್ಲಿ ಸಿಗ್ನಲ್ಲೂ ಸರಿಯಾಗಿ ಸಿಗೋದಿಲ್ಲ. ದೊಡ್ಡಪ್ಪ ಜೇಬಿನ ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ. ರಾತ್ರಿ ಊಟ ಆದ ಮೇಲೆ ಆ ಚೀಟಿ ನೋಡಿ ಪುಸ್ತಕಕ್ಕೆ ಇಳಿಸೋರು ದೊಡ್ಡಮ್ಮ.

ಅಂದರೆ ಆ್ಯಪ್ ಬಳಸೋರು ದೊಡ್ಡಮ್ಮ. ಮಷಿನ್ ದೊಡ್ಡಪ್ಪನದು, ದುಡ್ಡು ವಸೂಲಿ ಅವರದು, ಆದರೆ ಬೆರಳು ದೊಡ್ಡಮ್ಮನದು. ಇದು ತಿಳಿದ ಮೇಲೆ ನಾವು ಸ್ಕ್ರೀನ್ ಬೇರೆ ಥರ ಮಾಡಿದೆವು. ಹೆಸರು ಪೂರ್ತಿ ಟೈಪ್ ಮಾಡೋದು ಬೇಡ, ಮೊದಲ ಎರಡು ಅಕ್ಷರಕ್ಕೆ ಪಟ್ಟಿ ಬರಲಿ. ಅಂಕಿ ಒತ್ತೋಕೆ ದೊಡ್ಡ ಗುಂಡಿಗಳಿರಲಿ. ಉಳಿಸುವ ಮೊದಲು ಒಟ್ಟು ಎಷ್ಟಾಯಿತು ಅಂತ ದಪ್ಪ ಅಕ್ಷರದಲ್ಲಿ ಕಾಣಲಿ, ಯಾಕೆಂದರೆ ದೊಡ್ಡಮ್ಮ ಬಾಯಲ್ಲೇ ಲೆಕ್ಕ ಹಾಕಿ ಅದಕ್ಕೆ ತಾಳೆ ನೋಡುತ್ತಾರೆ. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯಲಿ. ಅದಕ್ಕೆ ಡೇಟಾ ಫೋನಿನಲ್ಲೇ ಇರುವ ಹಾಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಇಟ್ಟೆವು. ಲಾಗಿನ್ ಪೇಜ್ ಮಾಡಲಿಲ್ಲ. ಎಲ್ಲ ಪ್ರಾಜೆಕ್ಟ್‌ಗೂ ಮೊದಲು ಲಾಗಿನ್ ಪೇಜ್ ಮಾಡುವ ಅಭ್ಯಾಸ ಬಿಡಬೇಕು. ಫೋನಿಗೇ ಲಾಕ್ ಇರುತ್ತದಲ್ವಾ?

ಎಸ್‌ಆರ್‌ಎಸ್

ಎಸ್‌ಆರ್‌ಎಸ್ ಅಂದರೆ ಆ್ಯಪ್ ಏನೇನು ಮಾಡಬೇಕು ಅಂತ ಬರೆದಿಡುವ ದಾಖಲೆ. ಈಗ ಬರೆಯಿರಿ, ಇದಕ್ಕಿಂತ ಮೊದಲು ಬೇಡ. ಕಾಲೇಜುಗಳಲ್ಲಿ ಕೊಡುವ ನಮೂನೆ ಸಾಮಾನ್ಯವಾಗಿ ಐಇಇಇ ಸಂಸ್ಥೆಯ 830 ಅನ್ನುವ ಸ್ಟ್ಯಾಂಡರ್ಡ್‌ದು, 1998ರ ಆವೃತ್ತಿ. 2011ರಲ್ಲಿ ಅದರ ಜಾಗಕ್ಕೆ 29148 ಅನ್ನುವ ಬೇರೆ ಸ್ಟ್ಯಾಂಡರ್ಡ್ ಬಂತು. ನಮೂನೆ ಯಾವುದಾದರೂ ಇರಲಿ, ಪ್ರತಿ ಸಾಲನ್ನೂ ಪರೀಕ್ಷೆ ಮಾಡೋಕೆ ಆಗುವ ಹಾಗೆ ಬರೆಯಿರಿ. "ಆ್ಯಪ್ ವೇಗವಾಗಿರಬೇಕು, ಬಳಸೋಕೆ ಸುಲಭವಾಗಿರಬೇಕು" ಅಂದರೆ ಅದನ್ನು ಯಾರು ಅಳೆಯುತ್ತಾರೆ? "ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರೆ ಎರಡು ಸೆಕೆಂಡಿನೊಳಗೆ ಆ ರೈತರ ಬಾಕಿ ಕಾಣಬೇಕು" ಅಂತ ಬರೆದರೆ ಫೋನ್ ಕೈಯಲ್ಲಿ ಹಿಡಿದು ನೋಡಬಹುದು.

ಕೆಲಸ ಹಂಚಿಕೊಳ್ಳೋದು

ನಮ್ಮ ಟೀಮ್‌ನಲ್ಲಿ ಒಬ್ಬಳು ಹರಿಹರದವಳು, ಒಬ್ಬ ಜಗಳೂರಿನವನು, ಇನ್ನೊಬ್ಬ ದಾವಣಗೆರೆಯವನೇ. ಸಾಮಾನ್ಯವಾಗಿ ಹಂಚಿಕೆ ಹೇಗಾಗುತ್ತದೆ ಗೊತ್ತಲ್ವಾ? ಚೆನ್ನಾಗಿ ಕೋಡ್ ಬರೆಯೋರು ಕೋಡ್, ಒಬ್ಬರು ಡಿಸೈನ್, ಒಬ್ಬರು ಪಿಪಿಟಿ, ಉಳಿದವರು ರಿಪೋರ್ಟ್. ರಿಪೋರ್ಟ್ ಪಾಲಿಗೆ ಬಂದವರಿಗೆ ಸೆಮಿಸ್ಟರ್ ಮುಗಿದರೂ ಏನೂ ಬರೋದಿಲ್ಲ. ಬಹಳ ಸಲ ಆ ಪಾಲು ಹುಡುಗಿಯರಿಗೇ ಬರುತ್ತದೆ. ಅದು ಅನ್ಯಾಯ. ಒಪ್ಪಿಕೊಳ್ಳಬೇಡಿ.

ಪದರ ಪದರವಾಗಿ ಹಂಚಬೇಡಿ, ಕೆಲಸ ಕೆಲಸವಾಗಿ ಹಂಚಿ. ಒಬ್ಬರು ಹೊಸ ರೈತರನ್ನು ಸೇರಿಸೋದು, ಒಬ್ಬರು ಒಕ್ಕಣೆ ದಾಖಲಿಸೋದು, ಒಬ್ಬರು ಕಂತು, ಒಬ್ಬರು ಬಾಕಿ ಪಟ್ಟಿ. ಸ್ಕ್ರೀನ್‌ನಿಂದ ಡೇಟಾಬೇಸ್ ತನಕ ಆ ಕೆಲಸ ಅವರದೇ, ಅದರ ರಿಪೋರ್ಟ್ ಪುಟವೂ ಅವರದೇ. ಶುರುವಿನಲ್ಲಿ ನಿಧಾನ ಆಗುತ್ತದೆ, ಪರವಾಗಿಲ್ಲ.

ಆದರೆ ಇದಕ್ಕೂ ಮೊದಲು ನಾಲ್ಕೂ ಜನ ಒಟ್ಟಿಗೆ ಕೂತು ಒಂದು ತೆಳ್ಳನೆಯ ದಾರಿ ಮಾಡಿ: ಒಂದು ಹೆಸರು, ಚೀಲ, ದರ ಹಾಕಿದರೆ ಬಾಕಿ ಕಾಣಬೇಕು. ಅಂದ ಚಂದ ಬೇಡ. ಅದು ಓಡಿದ ದಿನದಿಂದ ಕೊನೆಯ ದಿನದ ತನಕ ಯಾವಾಗ ತೆರೆದರೂ ಓಡುತ್ತಲೇ ಇರಬೇಕು. ರಿವ್ಯೂ ದಿನ ಎದೆ ಹೊಡೆದುಕೊಳ್ಳಬಾರದು ಅಂದರೆ ಇದೊಂದೇ ಉಪಾಯ.

ಅದಕ್ಕೆ ಗಿಟ್ ಬೇಕು, ಕೋಡ್‌ನ ಪ್ರತಿ ಬದಲಾವಣೆಯನ್ನೂ ನೆನಪಿಟ್ಟುಕೊಳ್ಳುವ ಸಾಧನ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ಮಾಡಿದ್ದು ಅದು. ವಾಟ್ಸಾಪ್‌ನಲ್ಲಿ ಜಿಪ್ ಫೈಲ್ ಕಳಿಸಿಕೊಳ್ಳುತ್ತಾ ಕೂತರೆ ಯಾವುದು ಹೊಸದು, ಯಾವುದು ಹಳೇದು ಅಂತ ಗೊತ್ತಾಗೋದೇ ಇಲ್ಲ. ಪ್ರತಿಯೊಬ್ಬರಿಗೂ ಅವರವರ ಬ್ರಾಂಚ್ (ಕೆಲಸ ಮಾಡೋಕೆ ಕೋಡ್‌ನ ಬೇರೆ ಪ್ರತಿ) ಇರಲಿ. ಮುಖ್ಯ ಬ್ರಾಂಚ್‌ಗೆ ಸೇರಿಸುವ ಮೊದಲು ಇನ್ನೊಬ್ಬರು ಓದಲಿ. ಗಿಟ್‌ನಲ್ಲಿ ಬದಲಾವಣೆ ಉಳಿಸುವಾಗ, ಅಂದರೆ ಕಮಿಟ್ ಮಾಡುವಾಗ, ಸಂದೇಶದಲ್ಲಿ "ಚೇಂಜಸ್" ಅಂತ ಬರೆಯಬೇಡಿ, "ಅರ್ಧ ಕಂತು ಬಂದರೆ ಬಾಕಿ ಸರಿಯಾಗಿ ಕಳೆಯುತ್ತದೆ" ಅಂತ ಬರೆಯಿರಿ. ಗೈಡ್ ಕೇಳಿದಾಗ ಯಾರು ಏನು ಮಾಡಿದ್ದಾರೆ ಅಂತ ಅದೇ ಹೇಳುತ್ತದೆ.

ಒಂದು ಎಚ್ಚರಿಕೆ. ಪಾಸ್‌ವರ್ಡ್ ಆಗಲಿ, ರೈತರ ನಿಜವಾದ ಹೆಸರು ಬಾಕಿ ಆಗಲಿ ಕೋಡ್ ಇಡುವ ಗಿಟ್‌ಹಬ್ ಸೈಟ್‌ಗೆ ಹೋಗಬಾರದು. ಆಮೇಲೆ ಫೈಲ್ ಅಳಿಸಿದರೂ ಹಳೇ ಕಮಿಟ್‌ಗಳಲ್ಲಿ ಅದು ಉಳಿದಿರುತ್ತದೆ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನೋದು ಊರಿನಲ್ಲಿ ಮರ್ಯಾದೆಯ ವಿಷಯ. ದೊಡ್ಡಪ್ಪ ಪುಸ್ತಕ ಕೊಟ್ಟದ್ದು ನನ್ನನ್ನು ನಂಬಿ. ಡೆಮೊಗೆ, ರಿಪೋರ್ಟ್‌ಗೆ, ಪಿಪಿಟಿಗೆ ಎಲ್ಲ ಕಡೆ ಹೆಸರು ಬದಲಿಸಿ.

ಎಐ ಹತ್ತಿರ ಕೋಡ್ ಬರೆಸೋ ಬಗ್ಗೆ ಎಲ್ಲರೂ ಕೇಳುತ್ತಾರೆ. ಬರೆಸಿಕೊಳ್ಳಿ, ಆದರೆ ಪ್ರತಿ ಸಾಲೂ ಏನು ಮಾಡುತ್ತದೆ ಅಂತ ನಿಮ್ಮ ಬಾಯಿಂದ ಹೇಳೋಕೆ ಬರದಿದ್ದರೆ ಅದನ್ನು ಸೇರಿಸಬೇಡಿ. ಅರ್ಧಕ್ಕೆ ನಿಂತ ಗೆರೆಯ ವಿಷಯ ಅದಕ್ಕೆ ಗೊತ್ತಿರೋದಿಲ್ಲ. ನೀವೇ ಹೇಳಬೇಕು.

ಕನ್ನಡ ಹಾಕುವಾಗ

ದೊಡ್ಡಮ್ಮನಿಗಾಗಿ ಪೂರ್ತಿ ಆ್ಯಪ್ ಕನ್ನಡದಲ್ಲೇ ಇರಬೇಕಿತ್ತು. ಇದರ ಬಗ್ಗೆ ನಮ್ಮ ಕ್ಲಾಸ್‌ನಲ್ಲಿ ಹೇಳಿರಲಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಲ್ಲ ಕಡೆ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಕ್ರಮ) ಇಡಿ: ಫೈಲ್, ಡೇಟಾಬೇಸ್, ವೆಬ್ ಪೇಜ್ ಮೂರರಲ್ಲೂ. ಅದರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಕಣ್ಣಿಗೆ ಕಾಣುವ ಒಂದು ಅಕ್ಷರ, ಈ ಸಂಕೇತಗಳನ್ನು ಗೊತ್ತು ಮಾಡುವ ಯೂನಿಕೋಡ್‌ಗೆ ಒಂದೇ ಸಂಕೇತ ಆಗಿರಬೇಕಿಲ್ಲ. "ಸ್ತ್ರೀ" ನಮಗೆ ಒಂದು ಅಕ್ಷರ, ಅದರ ಒಳಗೆ ಇರೋದು ಆರು ಸಂಕೇತ: ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ಈ ಸ್ವರದ ಗುರುತು. ಹೆಸರಿಗೆ ಇಷ್ಟೇ ಉದ್ದ ಅಂತ ಮಿತಿ ಹಾಕುವಾಗ ಇದು ನೆನಪಿರಲಿ. ಇಲ್ಲದಿದ್ದರೆ ಹೆಸರು ಒತ್ತಕ್ಷರದ ನಡುವೆ ತುಂಡಾಗುತ್ತದೆ.

ರಸೀದಿ ಪಿಡಿಎಫ್ ಮಾಡುವಾಗ ಇನ್ನೊಂದು ತೊಡಕು. ಹಲವು ಪಿಡಿಎಫ್ ಲೈಬ್ರರಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತವೆ ಅಷ್ಟೇ, ಒತ್ತಕ್ಷರ ಜೋಡಿಸೋಕೆ ಅವಕ್ಕೆ ಬರೋದಿಲ್ಲ. "ಸಿದ್ದಪ್ಪ" ಅನ್ನೋದು "ಸಿದ್‌ದಪ್‌ಪ" ಅಂತ ಬರುತ್ತದೆ. ತಮ್ಮ ಹೆಸರೇ ಹಾಗೆ ಒಡೆದು ಬಂದ ರಸೀದಿಯನ್ನು ಯಾರು ಒಪ್ಪುತ್ತಾರೆ? ಸುಲಭದ ದಾರಿ ಇದು: ರಸೀದಿಯನ್ನು ಎಚ್‌ಟಿಎಂಎಲ್ ಪೇಜ್ ಮಾಡಿ, ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿ, ಬ್ರೌಸರ್‌ನಿಂದಲೇ ಪ್ರಿಂಟ್ ಕೊಟ್ಟು ಪಿಡಿಎಫ್ ಆಗಿ ಉಳಿಸಿ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಹುಡುಕಾಟಕ್ಕೂ ತಲೆ ಕೆಡಿಸಿಕೊಳ್ಳಬೇಕು. ಪುಸ್ತಕದಲ್ಲಿ ಒಂದು ಕಡೆ "ಸಿದ್ದಪ್ಪ", ಇನ್ನೊಂದು ಕಡೆ "ಸಿದ್ಧಪ್ಪ" ಅಂತ ಇರುತ್ತದೆ, ಇಬ್ಬರೂ ಒಬ್ಬರೇ. ಬರೆದ ಹೆಸರನ್ನು ತಿದ್ದೋಕೆ ಹೋಗಬೇಡಿ, ಅದು ಅವರ ಹೆಸರು. ಹುಡುಕೋಕೆ ಅಂತ ಬೇರೆ ಕಾಲಂನಲ್ಲಿ ಧ-ದ, ಥ-ತ, ಭ-ಬ, ಷ-ಶ ಒಂದೇ ಅಂತ ಬದಲಿಸಿ ಇಡಿ. ಆಗ ಹೇಗೆ ಟೈಪ್ ಮಾಡಿದರೂ ಸಿಗುತ್ತಾರೆ. ಕನ್ನಡ ಅಂಕಿ ಒತ್ತುವವರೂ ಇರುತ್ತಾರೆ. ಪೈಥಾನ್‌ಗೆ "೧೨" ಕೊಟ್ಟರೆ ಹನ್ನೆರಡು ಅಂತ ತಿಳಿಯುತ್ತದೆ, ಜಾವಾಸ್ಕ್ರಿಪ್ಟ್‌ಗೆ ತಿಳಿಯೋದಿಲ್ಲ, ನೀವೇ ಬದಲಿಸಿ ಕೊಡಬೇಕು.

ದುಡ್ಡನ್ನು ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ, ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯಾಗಿ) ಬೇಡ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ. ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಡುವಾಗ ಪೂರ್ತಿ ಕೂರೋದಿಲ್ಲ, ಅದಕ್ಕೆ ಹಾಗೆ.

ಟೆಸ್ಟಿಂಗ್

ನಿಮ್ಮ ಹತ್ತಿರ ಈಗಾಗಲೇ ಬಂಗಾರದಂಥ ಟೆಸ್ಟ್ ಡೇಟಾ ಇದೆ: ಹೋದ ವರ್ಷದ ಪುಸ್ತಕ. ಅದರ ಪುಟಗಳನ್ನು ಆ್ಯಪ್‌ಗೆ ಹಾಕಿ, ಪುಟದ ಕೊನೆಯಲ್ಲಿ ಅವರು ಕೂಡಿ ಬರೆದ ಮೊತ್ತಕ್ಕೆ ತಾಳೆ ನೋಡಿ. ಆಗದಿದ್ದರೆ ಸುಮ್ನೆ ಬಿಡಬೇಡಿ. ಒಂದು ಪುಟದಲ್ಲಿ ನಮಗೂ ಪುಸ್ತಕಕ್ಕೂ ಹೊಂದಲಿಲ್ಲ. ಕೇಳಿದರೆ ಆ ರೈತರು ಮುಂದಿನ ವರ್ಷದ ಒಕ್ಕಣೆಗೆ ಅಂತ ಮುಂಗಡ ಕೊಟ್ಟಿದ್ದರು. ಅಂದರೆ ಬಾಕಿ ಸೊನ್ನೆಗಿಂತ ಕೆಳಗೂ ಹೋಗಬಹುದು. ಅಲ್ಲಿ ಮೈನಸ್ ಗುರುತು ತೋರಿಸಿದರೆ ದೊಡ್ಡಮ್ಮನಿಗೆ ಗೊಂದಲ. "ಮುಂಗಡ" ಅಂತ ಬೇರೆ ಬಣ್ಣದಲ್ಲಿ ತೋರಿಸಿದೆವು. ಬೌಂಡರಿ ವ್ಯಾಲ್ಯೂ ಅನಾಲಿಸಿಸ್ (ಅಂಚಿನ ಬೆಲೆಗಳನ್ನು ಕೊಟ್ಟು ಪರೀಕ್ಷೆ ಮಾಡೋದು) ಅಂತ ಓದುತ್ತೀರಲ್ಲ, ಆ ಅಂಚು ನಮಗೆ ಸಿಕ್ಕಿದ್ದು ಹೀಗೆ.

ಆಮೇಲೆ ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟು ಬಾಯಿ ಮುಚ್ಚಿ ಕೂರಿ. "ಅಲ್ಲಿ ಒತ್ತಿ" ಅಂತ ಹೇಳಬಾರದು. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ನಿಮ್ಮ ಡಿಸೈನ್ ತಿದ್ದಬೇಕು. ನಮ್ಮ ದೊಡ್ಡಮ್ಮ "ಸಲ್ಲಿಸಿ" ಅನ್ನುವ ಗುಂಡಿಯ ಮುಂದೆ ನಿಂತುಬಿಟ್ಟರು. ಅದನ್ನು "ಬರೆದಿಡು" ಅಂತ ಮಾಡಿದೆವು, ಮುಂದೆ ಹೋದರು. ಊರಿಗೆ ಹೋದಾಗಲೆಲ್ಲ ಹೀಗೆ ಹೊಸದನ್ನು ತೋರಿಸಿ, ತಿದ್ದಿ, ಮತ್ತೆ ತೋರಿಸಿ.

ರಿವ್ಯೂ, ವೈವಾ

ಇಲ್ಲಿಗೆ ಬರುವ ಹೊತ್ತಿಗೆ ಹೆದರಿಕೆ ಇರೋದಿಲ್ಲ. ವಾಟರ್‌ಫಾಲ್ ಮಾಡೆಲ್ (ಒಂದು ಹಂತ ಮುಗಿಸಿ ಮುಂದಿನದಕ್ಕೆ ಮೆಟ್ಟಿಲಿನಂತೆ ಇಳಿಯುವ ಕ್ರಮ) ಬಗ್ಗೆ ಕೇಳೇ ಕೇಳುತ್ತಾರೆ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಆ ಮೆಟ್ಟಿಲುಗಳ ಚಿತ್ರ ಬರೆದಾಗಲೇ, ಒಂದೇ ಸಲ ಮೇಲಿಂದ ಕೆಳಗೆ ಇಳಿದು ಮುಗಿಸೋದು ಅಪಾಯ ಅಂತಲೂ ಹೇಳಿದ್ದರು. ಇದನ್ನು ಹೇಳಿ, ಮುಂಗಡದ ಉದಾಹರಣೆ ಕೊಡಿ. ಟೆಸ್ಟಿಂಗ್‌ನಲ್ಲಿ ಸಿಕ್ಕ ವಿಷಯಕ್ಕಾಗಿ ರಿಕ್ವೈರ್‌ಮೆಂಟ್‌ಗೆ ವಾಪಸ್ ಹೋಗಿದ್ದೀರಿ. ಅಜೈಲ್ (ಸ್ವಲ್ಪ ಸ್ವಲ್ಪವೇ ಮಾಡಿ, ತೋರಿಸಿ, ತಿದ್ದುವ ಕ್ರಮ) ಕೇಳಿದರೆ, 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ಪ್ರಣಾಳಿಕೆ ಅದು ಅನ್ನಿ, ಆಮೇಲೆ "ಸಲ್ಲಿಸಿ" ಹೋಗಿ "ಬರೆದಿಡು" ಬಂದದ್ದನ್ನು ಹೇಳಿ.

ರಿಪೋರ್ಟ್‌ನಲ್ಲಿ ಬೇರೆಯವರ ವಾಕ್ಯ ಇಳಿಸಬೇಡಿ. ಪುಸ್ತಕದ ಒಂದು ಪುಟದ ಫೋಟೊ, ಹೆಸರು ಮುಚ್ಚಿ, ಇಆರ್ ಡಯಾಗ್ರಾಮ್ (ಟೇಬಲ್‌ಗಳ ಸಂಬಂಧ ತೋರಿಸುವ ಚಿತ್ರ) ಪಕ್ಕದಲ್ಲಿ ಹಾಕಿ. ಯಾವ ಕಾಲಂ ಎಲ್ಲಿಂದ ಬಂತು ಅಂತ ಬಾಣ ಎಳೆಯಿರಿ. ಬೈಂಡಿಂಗ್ ಅಂಗಡಿಗೆ ಕೊನೆಯ ದಿನ ಹೋಗಬೇಡಿ, ಎಲ್ಲ ಟೀಮ್‌ಗಳೂ ಅಲ್ಲೇ ಇರುತ್ತವೆ.

ಮಾರ್ಕ್ಸ್ ಬಂದ ಮೇಲೆ

ಬಿಟ್ಟು ಹೋಗಬೇಡಿ. ಒಂದು ಮನೆಯ ಲೆಕ್ಕ ನಿಮ್ಮ ಕೋಡ್ ಮೇಲೆ ನಿಂತಿದೆ. ಫೋನ್ ಬಿದ್ದು ಒಡೆದರೆ? ಒಂದು ಗುಂಡಿ ಒತ್ತಿದರೆ ಪೂರ್ತಿ ಲೆಕ್ಕ ಎಕ್ಸೆಲ್‌ನಲ್ಲಿ ತೆರೆಯುವ ಫೈಲ್ ಆಗಿ ಹೊರಗೆ ಬರಬೇಕು, ಅದನ್ನು ವಾಟ್ಸಾಪ್‌ನಲ್ಲಿ ಮನೆಯ ಇನ್ನೊಬ್ಬರಿಗೆ ಕಳಿಸುವ ಹಾಗಿರಬೇಕು. ಆ ಫೈಲ್‌ನಿಂದ ಬೇರೆ ಫೋನ್‌ನಲ್ಲಿ ಲೆಕ್ಕ ವಾಪಸ್ ಬರುತ್ತದೆಯೇ ಅಂತ ನೀವೇ ಒಮ್ಮೆ ಮಾಡಿ ನೋಡಿ. ಮೊದಲ ಸೀಸನ್ ಪೂರ್ತಿ ಕಾಗದದ ಪುಸ್ತಕವೂ ನಡೆಯಲಿ, ಎರಡೂ ತಾಳೆ ಆಗಲಿ.

ಕೊನೆಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಿ: ಹೊಸ ರೈತರನ್ನು ಸೇರಿಸೋದು ಹೇಗೆ, ತಪ್ಪಾಗಿ ಬರೆದದ್ದನ್ನು ತಿದ್ದೋದು ಹೇಗೆ, ವಾರಕ್ಕೊಮ್ಮೆ ಫೈಲ್ ಕಳಿಸೋದು ಹೇಗೆ. ಕೆಳಗೆ ನಿಮ್ಮ ಫೋನ್ ನಂಬರ್ ಬರೆಯಿರಿ. ಒಕ್ಕಣೆ ದಿನಗಳಲ್ಲಿ ರಾತ್ರಿ ಒಂಬತ್ತಕ್ಕೆ ಫೋನ್ ಬಂದರೆ ಎತ್ತಿ ಮಾತಾಡಿ.